ಸ್ಕ್ವಾಡ್ ಪದೇ ಪದೇ ಕುಸಿಯುತ್ತಿದೆಯೇ? ಬಿಜಿಎಂಐ ಐಜಿಎಲ್‌ಗಳಿಗೆ ದೋಷ ನಿವಾರಣೆ ಕೈಪಿಡಿ

ಬಿಜಿಎಂಐ, ಅಂದರೆ ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ ಎಂಬ ಮೊಬೈಲ್ ಶೂಟಿಂಗ್ ಆಟ. ಅದರ ಟ್ರೈನಿಂಗ್ ಗ್ರೌಂಡ್‌ನಲ್ಲಿ ಸ್ಕ್ವಾಡ್‌ನ (ತಂಡದ) ನಾಲ್ವರೂ ಹುಲಿಗಳೇ. ನಿಂತ ಗುರಿ, ಓಡುವ ಗುರಿ ಎರಡನ್ನೂ ಹೊಡೆದು ಉರುಳಿಸುತ್ತಾರೆ. ಅದೇ ನಾಲ್ವರು ಕ್ಲಾಸಿಕ್ ಪಂದ್ಯಕ್ಕೆ (ವಿಮಾನದಿಂದ ಹಾರಿ, ಕೊನೆಗೆ ಉಳಿದ ತಂಡ ಗೆಲ್ಲುವ ಆಟ) ಇಳಿದರೆ ಹನ್ನೆರಡನೇ ಸ್ಥಾನ ದಾಟುವುದೇ ಕಷ್ಟ. ಲಾಬಿಗೆ ಬಂದ ಮೇಲೆ ಸಿಗುವ ವಿವರಣೆ ಮಾತ್ರ ಯಾವತ್ತೂ ಒಂದೇ: "ಏಮ್ (ಗುರಿ) ಕೈ ಕೊಡ್ತು ಮಗಾ."

ನಂಬಬೇಡಿ. ಏಮ್ ಕೈಕೊಟ್ಟರೆ ಒಬ್ಬ ಸಾಯುತ್ತಾನೆ. ನಾಲ್ವರೂ ಒಂದರ್ಧ ನಿಮಿಷದೊಳಗೆ ಸಾಲಾಗಿ ಹೋದರೆ ದೋಷ ಬೇರೆ ಕಡೆ ಇದೆ. ಹೆಚ್ಚಿನ ಸಲ ಅದು ಮಾಹಿತಿಯದ್ದು: ಒಬ್ಬನಿಗೆ ಗೊತ್ತಿದ್ದದ್ದು ಉಳಿದ ಮೂವರಿಗೆ ತಲುಪಲಿಲ್ಲ, ತಡವಾಗಿ ತಲುಪಿತು, ಇಲ್ಲವೇ ಉಪಯೋಗಕ್ಕೆ ಬಾರದ ರೂಪದಲ್ಲಿ ತಲುಪಿತು. ಸ್ಕ್ವಾಡ್ ನಡೆಸುವ ಐಜಿಎಲ್‌ನ (ಇನ್-ಗೇಮ್ ಲೀಡರ್, ಆಟದೊಳಗಿನ ನಾಯಕ) ಕೆಲಸದ ಮುಕ್ಕಾಲು ಪಾಲು ಈ ಸಾಗಾಟವನ್ನು ಸರಿ ಇಡುವುದೇ.

2021ರ ಜುಲೈಯಲ್ಲಿ ಕ್ರಾಫ್ಟನ್ ಭಾರತಕ್ಕೆಂದು ತಂದ ಬಿಜಿಎಂಐ, ಅದರಲ್ಲೂ ನಾಲ್ವರ ಸ್ಕ್ವಾಡ್, ಎರಾಂಗೆಲ್ ಮ್ಯಾಪನ್ನು ಮನಸ್ಸಿನಲ್ಲಿಟ್ಟು ಇದನ್ನು ಬರೆದಿದ್ದೇನೆ. ನಿಮ್ಮ ತಂಡದಲ್ಲಿ ಕಾಣುವ ಲಕ್ಷಣ ಯಾವುದೋ ಆ ಭಾಗಕ್ಕೆ ನೇರವಾಗಿ ಹೋಗಬಹುದು. ಆದರೆ ಮೊದಲ ಎರಡು ತಪಾಸಣೆಗಳನ್ನು ಬಿಡಬೇಡಿ. ಅವಕ್ಕೆ ಖರ್ಚಿಲ್ಲ, ಹತ್ತು ನಿಮಿಷ ಸಾಕು. ಇನ್ನೊಂದು ಮಾತು, ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ ನಾಲ್ಕೈದು ಪಂದ್ಯ ಆಡಿ ನೋಡಿ. ಎಲ್ಲವನ್ನೂ ಒಟ್ಟಿಗೆ ತಿರುಚಿದರೆ ಯಾವುದು ಕೆಲಸ ಮಾಡಿತು ಎಂದು ತಿಳಿಯುವುದಿಲ್ಲ.

"ನಾನು ಹೇಳ್ತಾನೇ ಇದ್ದೆ, ಯಾರೂ ಕೇಳಿಸ್ಕೊಳ್ಲಿಲ್ಲ"

ಶಿಸ್ತಿನ ಬಗ್ಗೆ ಭಾಷಣ ಶುರು ಮಾಡುವ ಮುಂಚೆ ಮೈಕ್ ನೋಡಿ. ಮಿನಿ ಮ್ಯಾಪ್ ಪಕ್ಕದಲ್ಲಿರುವ ಸ್ಪೀಕರ್ ಮತ್ತು ಮೈಕ್ ಗುರುತುಗಳೆರಡೂ 'ಟೀಮ್'ನಲ್ಲಿವೆಯೇ? ಒಬ್ಬನದು 'ಆಲ್'ನಲ್ಲಿದ್ದರೆ ನಿಮ್ಮ ಯೋಜನೆಯನ್ನು ಪಕ್ಕದ ಮನೆಯಲ್ಲಿರುವ ಶತ್ರುವೂ ಕೇಳುತ್ತಾನೆ. ಕನ್ನಡದಲ್ಲಿ ಮಾತಾಡಿದರೆ ಯಾರಿಗೂ ತಿಳಿಯಲ್ಲ ಎಂಬ ಧೈರ್ಯ ಬೇಡ, ಇಲ್ಲಿನ ಸರ್ವರ್‌ನಲ್ಲಿ ಎದುರಿನವನೂ ದಾವಣಗೆರೆಯವನೇ ಆಗಿರಬಹುದು.

ಆಂಡ್ರಾಯ್ಡ್ ಫೋನ್‌ನಲ್ಲಿ ಆಟಕ್ಕೆ ಮೈಕ್ ಅನುಮತಿ ಇದೆಯೇ ಎಂದು ಸೆಟ್ಟಿಂಗ್ಸ್‌ನಲ್ಲಿ ನೋಡಿ. ಪಂದ್ಯದ ಮಧ್ಯೆ ಕರೆ ಬಂದು ಹೋದ ಮೇಲೆ ಕೆಲವು ಫೋನ್‌ಗಳಲ್ಲಿ ವಾಯ್ಸ್ ಚಾನೆಲ್ ಸತ್ತೇ ಇರುತ್ತದೆ. ಒಮ್ಮೆ ಆಫ್ ಮಾಡಿ ಆನ್ ಮಾಡಿದರೆ ಮರಳುತ್ತದೆ. ವಿಮಾನ ಹತ್ತುವ ಮುಂಚಿನ ಕಾಯುವ ಹೊತ್ತಿನಲ್ಲಿ ಪ್ರತಿಯೊಬ್ಬರೂ ತಮ್ಮ ನಂಬರ್ ಹೇಳಲಿ: "ಒಂದು, ಕೇಳಿಸ್ತಿದೆ", "ಎರಡು, ಕೇಳಿಸ್ತಿದೆ." ಬಾಲಿಶ ಅನ್ನಿಸುತ್ತದೆ, ಆದರೂ ಮಾಡಿಸಿ.

ಹಾಗೆಯೇ ಪಿಂಗ್, ಅಂದರೆ ಫೋನ್‌ಗೂ ಸರ್ವರ್‌ಗೂ ನಡುವಿನ ವಿಳಂಬ, ಮಿಲಿಸೆಕೆಂಡ್‌ಗಳಲ್ಲಿ. ಒಬ್ಬ ಆಟಗಾರನದು ಅರವತ್ತರ ಒಳಗಿದ್ದರೆ ಚೆನ್ನ, ನೂರು ದಾಟಿದರೆ ಕಷ್ಟ, ನೂರೈವತ್ತರ ಮೇಲೆ ಕುಣಿಯುತ್ತಿದ್ದರೆ ಅವನು ಗೋಡೆಯ ಹಿಂದೆ ಬಂದ ಮೇಲೂ ಗುಂಡು ತಿಂದು ಬೀಳುತ್ತಾನೆ. ಅವನಿಗೆ ಬೈದು ಪ್ರಯೋಜನವಿಲ್ಲ. ರೂಟರ್ ಹತ್ತಿರ ಕೂರಲಿ, ಸಾಧ್ಯವಿದ್ದರೆ ವೈಫೈಯ 5 ಗಿಗಾಹರ್ಟ್ಸ್ ಬ್ಯಾಂಡ್‌ಗೆ ಬದಲಿಸಲಿ, ಮನೆಯಲ್ಲಿ ಯಾರಾದರೂ ದೊಡ್ಡ ಫೈಲ್ ಇಳಿಸುತ್ತಿದ್ದಾರೆಯೇ ಕೇಳಲಿ. ಆದರೂ ಇಳಿಯದಿದ್ದರೆ ಆ ದಿನ ಅವನನ್ನು ಮೊದಲು ಮನೆ ನುಗ್ಗುವ ಕೆಲಸದಿಂದ ಬಿಡಿಸಿ, ಹಿಂದಿನಿಂದ ಕವರ್ ಕೊಡಲು ನಿಲ್ಲಿಸಿ. ಪಿಂಗ್ ನೋಡಿ ಪಾತ್ರ ಹಂಚುವುದು ಐಜಿಎಲ್ ಮಾಡಬಹುದಾದ ಅತಿ ಅಗ್ಗದ ದುರಸ್ತಿ.

ಎಚ್ಚರಿಕೆ: ಚಾರ್ಜಿಗೆ ಹಾಕಿಕೊಂಡೇ ಆಡುವಾಗ ಫೋನ್ ಕೈಸುಡುವಷ್ಟು ಬಿಸಿಯಾದರೆ ಪ್ರೊಸೆಸರ್ ತಾನಾಗಿಯೇ ವೇಗ ಇಳಿಸುತ್ತದೆ, ಫ್ರೇಮ್ ಬೀಳುತ್ತದೆ. ಚಾರ್ಜರ್ ತೆಗೆದು ತಣ್ಣಗಾಗಲು ಬಿಡಿ, ಫ್ರಿಜ್‌ನಲ್ಲಿಡುವ ಸಾಹಸ ಬೇಡ. ಹಿಂಬದಿಯ ಮುಚ್ಚಳ ಉಬ್ಬಿದೆ, ಪರದೆ ಅಂಚಿನಲ್ಲಿ ಎದ್ದಿದೆ ಅನ್ನಿಸಿದರೆ ಅದು ಬ್ಯಾಟರಿ ಉಬ್ಬಿರುವ ಲಕ್ಷಣ. ಅಲ್ಲಿಗೆ ಆಟ ನಿಲ್ಲಿಸಿ. ಒತ್ತಬೇಡಿ, ಚುಚ್ಚಬೇಡಿ, ಮತ್ತೆ ಚಾರ್ಜ್ ಮಾಡಬೇಡಿ, ಸರ್ವಿಸ್ ಸೆಂಟರ್‌ಗೆ ಒಯ್ಯಿರಿ.

"ಎಡಗಡೆ ಅಂದ, ಬಲಗಡೆಯಿಂದ ಬಂದು ಹೊಡೆದ"

ಒಬ್ಬ ಆಟಗಾರ ಹೆಜ್ಜೆ ಸಪ್ಪಳದ ದಿಕ್ಕನ್ನು ಪದೇ ಪದೇ ತಪ್ಪಾಗಿ ಹೇಳುತ್ತಿದ್ದರೆ ಅವನ ಕಿವಿಯಲ್ಲಿರುವುದು ಬ್ಲೂಟೂತ್ ಇಯರ್‌ಫೋನೇ ಎಂದು ಕೇಳಿ. ಸಾಮಾನ್ಯ ಬ್ಲೂಟೂತ್ ಸೆಟ್‌ನಲ್ಲಿ ಮೈಕ್ ಆನ್ ಆದ ಕ್ಷಣ ಸಂಪರ್ಕ ಫೋನ್ ಕರೆಯ ವಿಧಾನಕ್ಕೆ ಜಾರುತ್ತದೆ. ಆಗ ಎಡ ಬಲ ಬೇರೆಯಾಗಿ ಕೇಳುವ ಸ್ಟೀರಿಯೋ ಹೋಗಿ ಎರಡೂ ಕಿವಿಗೆ ಒಂದೇ ಮಂಕು ಸದ್ದು ಬರುತ್ತದೆ. ಜತೆಗೆ ಸದ್ದು ತಲುಪುವುದೂ ತಡ. ದಿಕ್ಕು ಹೇಳಬೇಕಾದವನಿಗೆ ದಿಕ್ಕೇ ಕೇಳಿಸುತ್ತಿಲ್ಲ.

ಪರೀಕ್ಷೆ ಸುಲಭ. ಟ್ರೈನಿಂಗ್ ಗ್ರೌಂಡ್‌ನಲ್ಲಿ ಅವನು ಕಣ್ಣು ಮುಚ್ಚಿ ನಿಲ್ಲಲಿ, ಇನ್ನೊಬ್ಬ ಸುತ್ತ ಓಡಲಿ. ಮೈಕ್ ಆಫ್ ಇದ್ದಾಗ ದಿಕ್ಕು ಸರಿ ಹೇಳಿ, ಆನ್ ಆದಾಗ ತಪ್ಪಿದರೆ ರೋಗ ಪತ್ತೆಯಾದಂತೆ. ನೂರಿನ್ನೂರು ರೂಪಾಯಿಯ ವೈರ್ ಇಯರ್‌ಫೋನ್ ಈ ವಿಷಯದಲ್ಲಿ ಸಾವಿರಾರು ರೂಪಾಯಿಯ ಬಡ್ಸ್‌ಗಿಂತ ವಾಸಿ. ಸಪ್ಪಳ ಕೇಳಿಸಲಿ ಎಂದು ವಾಲ್ಯೂಮ್ ಪೂರ್ತಿ ಏರಿಸಿಕೊಂಡು ಗಂಟೆಗಟ್ಟಲೆ ಕೂರಬೇಡಿ. ಆಟ ಮುಗಿದ ಮೇಲೆ ಕಿವಿಯಲ್ಲಿ ಗುಂಯ್ ಎನ್ನುವ ಸದ್ದು ಉಳಿದರೆ ಧ್ವನಿ ಜಾಸ್ತಿಯಾಗಿದೆ ಎಂದರ್ಥ. ಮಾರನೆಯ ದಿನವೂ ಉಳಿದರೆ ಇಎನ್‌ಟಿ ವೈದ್ಯರನ್ನು ಕಾಣಿ.

"ಇಳಿದ ಎರಡನೇ ನಿಮಿಷಕ್ಕೇ ಇಬ್ಬರು ಇಲ್ಲ"

ಇದಕ್ಕೆ ಮೂರು ಕಾರಣ ಸಾಮಾನ್ಯ, ಮೂರಕ್ಕೂ ಬೇರೆ ಬೇರೆ ಚಿಹ್ನೆಗಳಿವೆ.

ನಿಮ್ಮವರು ಬರಿಗೈಯಲ್ಲಿ ಸತ್ತರೆ ಎದುರಾಳಿ ನಿಮಗಿಂತ ಮೊದಲು ನೆಲ ಮುಟ್ಟಿದ್ದಾನೆ. ನೇರ ಕೆಳಗೆ ನೋಡುತ್ತ ಬಿದ್ದರೆ ವೇಗ ಗಂಟೆಗೆ 234 ಕಿಲೋಮೀಟರ್‌ವರೆಗೆ ಏರುತ್ತದೆ, ದೂರ ತೇಲಿಕೊಂಡು ಹೋದರೆ ಅದರ ಅರ್ಧದ ಆಸುಪಾಸಿಗೆ ಇಳಿಯುತ್ತದೆ. ವಿಮಾನದ ದಾರಿ ಪೊಚಿಂಕಿ ಊರಿನ ನೆತ್ತಿಯ ಮೇಲೇ ಇದ್ದು ನೀವು ಬೇಗ ಹಾರಿ ತೇಲುತ್ತ ಬಂದಿದ್ದರೆ, ತಡವಾಗಿ ಹಾರಿ ಕಲ್ಲಿನಂತೆ ಬಿದ್ದವನ ಕೈಯಲ್ಲಿ ಆಗಲೇ ಗನ್ ಇರುತ್ತದೆ.

ಒಬ್ಬನ ಬಳಿ ಎರಡು ಗನ್, ಇನ್ನೊಬ್ಬನ ಬಳಿ ಬಾಣಲೆ ಮಾತ್ರ ಇದ್ದರೆ ನೀವು ನಾಲ್ವರೂ ಒಂದೇ ಛಾವಣಿ ಮೇಲೆ ಇಳಿದಿದ್ದೀರಿ. 'ಫಾಲೋ' (ಒಬ್ಬನ ಹಿಂದೆ ತಾನಾಗಿ ಹಾರುವ ಬಟನ್) ಒತ್ತಿ ಸುಮ್ಮನೆ ಕೂತದ್ದರ ಫಲ. ಫಾಲೋ ಊರಿನವರೆಗೆ ಬರಲು ಸಾಕು. ಊರು ಸಮೀಪಿಸಿದ ಮೇಲೆ ಎಲ್ಲರೂ ಬಿಡಿಸಿಕೊಂಡು ತಮಗೆ ಹೇಳಿದ ಮನೆಗೆ ಹೋಗಬೇಕು. ಯಾರಿಗೆ ಯಾವ ಮನೆ ಎಂದು ವಿಮಾನದಲ್ಲೇ ಮಾರ್ಕರ್ ಹಾಕಿ.

ಮೂರನೆಯದು, ಸತ್ತವರ ಕೈಯಲ್ಲಿ ಗನ್ ಇತ್ತು, ಆದರೂ ಎದುರಿಗೆ ಮೂವರು ಬಂದಾಗ ಬೆಚ್ಚಿಬಿದ್ದರು. ಅಂದರೆ ಇಳಿಯುವಾಗ ಯಾರೂ ಹಿಂತಿರುಗಿ ನೋಡಲಿಲ್ಲ. ಪ್ಯಾರಾಚೂಟ್ ಬಿಚ್ಚಿದ ಮೇಲೆ ಕ್ಯಾಮೆರಾ ಸುತ್ತಿಸಿ ಎಣಿಸುವುದು ಒಬ್ಬನ ಖಾಯಂ ಕೆಲಸವಾಗಲಿ: "ನಮ್ಮ ಜೊತೆ ಆರು ಜನ, ನಾಲ್ಕು ಶಾಲೆ ಕಡೆ, ಎರಡು ಅಪಾರ್ಟ್‌ಮೆಂಟ್." ಎಣಿಕೆ ಎಂಟರ ಮೇಲಿದ್ದು ನಿಮ್ಮವರಿಗೆ ಆ ಊರು ಪರಿಚಯವಿಲ್ಲದಿದ್ದರೆ ನೆಲ ಮುಟ್ಟುವ ಮೊದಲೇ ಊರಂಚಿನ ಮನೆಗಳಿಗೆ ತಿರುಗಿಸಿ. ಸೆವೆರ್ನಿ, ಜಾರ್ಕಿಯಂಥ ಮೂಲೆಗಳಲ್ಲಿ ಇಳಿಯುವುದರಲ್ಲಿ ಅವಮಾನವೇನಿಲ್ಲ. ಅಲ್ಲಿಂದ ಹೊರಡುವುದು ತಡವಾದರೆ ಮಾತ್ರ ತೊಂದರೆ, ಅದು ಮುಂದೆ ಬರುತ್ತದೆ.

"ಎಲ್ಲಿಂದ ಹೊಡೀತಿದಾನೋ!"

ಫೈಟ್ ಶುರುವಾದ ಕೂಡಲೇ ನಾಲ್ಕೂ ಮೈಕ್‌ನಿಂದ ಒಟ್ಟಿಗೆ ಕೂಗು. "ಇಲ್ಲೇ ಇದಾನೆ, ಇಲ್ಲೇ!" "ಆ ಮರದ ಹತ್ರ!" "ಲೇ, ಹಿಂದೆ ಹಿಂದೆ!" ಎರಾಂಗೆಲ್ 8 ಕಿಲೋಮೀಟರ್ ಉದ್ದ, 8 ಕಿಲೋಮೀಟರ್ ಅಗಲ. ಮರಗಳಿಗೇನು ಬರವೇ?

ಸ್ಕ್ವಾಡುಗಳ ಅತಿ ದೊಡ್ಡ ಕಾಯಿಲೆ ಇದೇ, ಹಾಗಾಗಿ ಸ್ವಲ್ಪ ನಿಧಾನಿಸಿ ನೋಡೋಣ.

ಮೊದಲ ಪದರ: ಎಡ, ಬಲ, ಮುಂದೆ, ಹಿಂದೆ. ಇವು ಹೇಳುವವನು ಮುಖ ಮಾಡಿರುವ ದಿಕ್ಕಿಗೆ ಅಂಟಿಕೊಂಡಿವೆ. ಕೇಳುವವನು ಬೇರೆ ಕಡೆ ನೋಡುತ್ತಿದ್ದರೆ ಮಾಹಿತಿ ಸುಳ್ಳಾಗುತ್ತದೆ. ಪರದೆಯ ಮೇಲ್ಭಾಗದಲ್ಲಿರುವ ದಿಕ್ಸೂಚಿ ಅದಕ್ಕೇ ಇರುವುದು. ಉತ್ತರ 0, ಪೂರ್ವ 90, ದಕ್ಷಿಣ 180, ಪಶ್ಚಿಮ 270. "210ರಲ್ಲಿ ಇಬ್ಬರು" ಎಂದರೆ ಯಾರು ಎತ್ತ ನೋಡುತ್ತಿದ್ದರೂ ಅರ್ಥ ಒಂದೇ.

ಎರಡನೇ ಪದರದಲ್ಲಿ ಅನುಭವಿಗಳೂ ಎಡವುತ್ತಾರೆ. ಡಿಗ್ರಿ ಸರಿ ಹೇಳಿದರೂ ಗೆಳೆಯನಿಗೆ ಶತ್ರು ಕಾಣುವುದಿಲ್ಲ. ಕಾರಣ ಶುದ್ಧ ರೇಖಾಗಣಿತ. ಶತ್ರು ನಿಮ್ಮಿಂದ ನೇರ ಉತ್ತರಕ್ಕೆ 200 ಮೀಟರ್ ದೂರದಲ್ಲಿದ್ದಾನೆ, ನಿಮ್ಮ ಜತೆಗಾರ ನಿಮ್ಮ ಬಲಕ್ಕೆ 100 ಮೀಟರ್ ಆಚೆ ಇದ್ದಾನೆ ಎಂದುಕೊಳ್ಳಿ. ನಿಮಗೆ ಶತ್ರು 0 ಡಿಗ್ರಿಯಲ್ಲಿ, ಅವನಿಗೆ ಸುಮಾರು 333ರಲ್ಲಿ. ಸುಮಾರು 27 ಡಿಗ್ರಿ ವ್ಯತ್ಯಾಸ! 4ಎಕ್ಸ್ ಸ್ಕೋಪ್ ಹಾಕಿಕೊಂಡು ನೀವು ಹೇಳಿದ 0 ಡಿಗ್ರಿಯನ್ನೇ ದಿಟ್ಟಿಸುತ್ತಿದ್ದರೆ ಶತ್ರು ಅವನ ಚೌಕಟ್ಟಿನ ಒಳಗೇ ಬರುವುದಿಲ್ಲ. ಆದ್ದರಿಂದ ಎಲ್ಲರೂ ಒಂದೇ ಕಾಂಪೌಂಡ್‌ನಲ್ಲಿದ್ದಾಗ ಡಿಗ್ರಿ ಹೇಳಿ. ಚದುರಿದ್ದಾಗ ಮಾರ್ಕರ್ ಹಾಕಿ ಅಥವಾ ಜಾಗದ ಹೆಸರು ಹೇಳಿ. ಮಾರ್ಕರ್‌ನಲ್ಲಿ ನಿಮ್ಮ ನಂಬರ್, ಬಣ್ಣ ಇರುತ್ತದೆ. "ನನ್ನ ಮಾರ್ಕ್, ಮೇಲಿನ ಕಿಟಕಿ" ಎಂದರೆ ಮುಗಿಯಿತು.

ಮೂರನೇ ಪದರ, ವಾಕ್ಯದ ಕ್ರಮ. ದಿಕ್ಕು, ದೂರ, ಜಾಗ, ಎಷ್ಟು ಜನ, ಈ ಅನುಕ್ರಮದಲ್ಲಿ ಹೇಳಿ: "120, ನೂರೈವತ್ತು ಮೀಟರ್, ಕಲ್ಲಿನ ಹಿಂದೆ, ಇಬ್ಬರು." ದಿಕ್ಕು ಮೊದಲು ಬಂದರೆ ವಾಕ್ಯ ಮುಗಿಯುವಷ್ಟರಲ್ಲಿ ಕೇಳಿದವನು ಆಗಲೇ ತಿರುಗಿರುತ್ತಾನೆ. "ಲೇ ಅಲ್ಲೊಬ್ಬ ಇದಾನೆ ನೋಡೋ, ಕೆಂಪು ಮನೆ ಇಲ್ವಾ, ಅದರ ಪಕ್ಕ" ಎಂದು ಕಥೆ ಹೇಳಿದರೆ ತಿರುಗಬೇಕಾದ ದಿಕ್ಕು ಕೊನೆಗೆ ಬರುತ್ತದೆ. ಕಥೆ ಮುಗಿಯುವುದರೊಳಗೆ ಹೇಳುತ್ತಿದ್ದವನೇ ನಾಕ್ (ನೆಲಕ್ಕೆ ಬಿದ್ದ, ಜತೆಗಾರ ಎತ್ತಿದರೆ ಮಾತ್ರ ಏಳಬಲ್ಲ).

ಇನ್ನು "ಒನ್ ಶಾಟ್ ಇದಾನೆ, ನುಗ್ಗು" ಎಂಬ ಮಾತು. ಈ ಎರಡು ಪದಗಳನ್ನು ನಂಬಿ ಸತ್ತವರ ಲೆಕ್ಕ ಇಡಲು ಸಾಧ್ಯವಿಲ್ಲ. ಹೊಡೆದವನ ಉತ್ಸಾಹದಲ್ಲಿ ಒಂದು ಗುಂಡು ನಾಲ್ಕಾಗುತ್ತದೆ, ವೆಸ್ಟ್‌ಗೆ ತಗುಲಿದ್ದು ತಲೆಗೆ ಬಿದ್ದಂತೆ ಕಾಣುತ್ತದೆ. ಊಹೆ ಬೇಡ, ಕಂಡದ್ದನ್ನು ಹೇಳಲಿ: "ಎರಡು ಗುಂಡು ತಗುಲಿತು, ವೆಸ್ಟ್‌ಗೆ." ನುಗ್ಗಬೇಕೋ ಬೇಡವೋ ಎಂಬುದನ್ನು ನೀವು ಹೇಳಿ.

ದುರಸ್ತಿಯ ನಿಯಮ ಒಂದೇ: ಫೈಟ್ ನಡೆಯುವಾಗ ಕಣ್ಣಿಗೆ ಕಂಡದ್ದನ್ನು ಯಾರು ಬೇಕಾದರೂ ಹೇಳಲಿ, ಏನು ಮಾಡಬೇಕು ಎಂಬುದನ್ನು ಐಜಿಎಲ್ ಒಬ್ಬನೇ ಹೇಳಲಿ. ಇಷ್ಟಾದರೂ ಗದ್ದಲ ನಿಲ್ಲದಿದ್ದರೆ ನಿಮ್ಮ ಬಾಯನ್ನೇ ಮೊದಲು ಅನುಮಾನಿಸಿ. ತಾನೇ ಕಾಮೆಂಟರಿ ಕೊಡುವ ಐಜಿಎಲ್ ತಂಡದಲ್ಲಿ ಬೇರೆಯವರ ಮಾಹಿತಿಗೆ ಜಾಗವೇ ಇರುವುದಿಲ್ಲ.

"ಒಬ್ಬ ಬಿದ್ದ, ಉಳಿದವರು ಅವನ ಮೇಲೇ ಬಿದ್ದರು"

ರಿಸಲ್ಟ್ ಬಂದ ಮೇಲೆ ನಾಲ್ಕು ಡೆತ್ ಕ್ರೇಟ್‌ಗಳು (ಸತ್ತವನ ಸಾಮಾನಿನ ಪೆಟ್ಟಿಗೆ) ಐದಾರು ಮೀಟರ್‌ನೊಳಗೆ ಒಟ್ಟಿಗಿದ್ದವು ಎಂದು ನೆನಪಾದರೆ ರೋಗ ಇದೇ. ಸ್ನೇಹ ದೊಡ್ಡದು, ಸರಿ. ಆದರೆ ರಿವೈವ್ ಮಾಡಲು (ಬಿದ್ದವನನ್ನು ಎತ್ತಲು) 10 ಸೆಕೆಂಡ್ ಬೇಕು, ಅಷ್ಟೂ ಹೊತ್ತು ಎತ್ತುವವನು ಅಲ್ಲಾಡುವಂತಿಲ್ಲ. ಮೊದಲನೆಯವನನ್ನು ಬೀಳಿಸಿದ ಗನ್ ಇನ್ನೂ ಅದೇ ಜಾಗವನ್ನು ನೋಡುತ್ತಿರುತ್ತದೆ.

ಯಾರಾದರೂ ಬಿದ್ದ ಕ್ಷಣ ಮೈಕ್‌ನಲ್ಲಿ ಒಬ್ಬನೇ ಮಾತಾಡಬೇಕು, ಅದು ಬಿದ್ದವನು. ಗುಂಡು ಬಂದ ದಿಕ್ಕು ಖಚಿತವಾಗಿ ಗೊತ್ತಿರುವುದು ಅವನಿಗೆ. ಈಗ ಅವನಿಗೆ ಬೇರೆ ಕೆಲಸವೂ ಇಲ್ಲ. "ಎತ್ತು, ಎತ್ತು" ಎಂದು ಕೂಗುವ ಬದಲು "75, ವಾಟರ್ ಟ್ಯಾಂಕ್ ಮೇಲೆ" ಎಂದು ಹೇಳಿ ತೆವಳಿಕೊಂಡು ಗೋಡೆ ಹಿಂದೆ ಬರಲಿ.

ಆಮೇಲೆ ನೀವು ಕೇಳಿಕೊಳ್ಳಬೇಕಾದ್ದು: ಹೊಡೆದವನಿಗೆ ನಮ್ಮವನು ಈಗಲೂ ಕಾಣುತ್ತಿದ್ದಾನೆಯೇ? ಕಾಣುತ್ತಿಲ್ಲವಾದರೆ ಒಬ್ಬ ಎತ್ತಲಿ, ಇಬ್ಬರು ಆ ದಿಕ್ಕಿಗೆ ಗನ್ ಹಿಡಿಯಲಿ. ಕಾಣುತ್ತಿದ್ದರೆ ಸ್ಮೋಕ್ (ಹೊಗೆ ಬಾಂಬ್) ಬೇಕು, ಆದರೆ ಅದನ್ನು ಬಿದ್ದವನ ಮೈಮೇಲೆ ಮಾತ್ರ ಎಸೆಯುವುದು ಹೊಸಬರ ಅಭ್ಯಾಸ. ಹೊಗೆಯ ಒಂದೇ ಗುಡ್ಡೆ ಕಂಡರೆ ಎದುರಾಳಿ ಅದರ ನಡುವಿಗೆ ಗ್ರೆನೇಡ್ ಎಸೆಯುತ್ತಾನೆ, ಇಲ್ಲವೇ ಕುರುಡಾಗಿ ಮ್ಯಾಗಜೀನ್ ಖಾಲಿ ಮಾಡುತ್ತಾನೆ. ಒಂದು ಸ್ಮೋಕ್ ಬಿದ್ದವನಿಗೂ ಎತ್ತುವವನಿಗೂ ನಡುವೆ, ಇನ್ನೊಂದು ಶತ್ರುವಿನ ದೃಷ್ಟಿಯ ದಾರಿಗೆ ಅಡ್ಡವಾಗಿ ಸ್ವಲ್ಪ ಮುಂದೆ. ಪ್ರತಿಯೊಬ್ಬರ ಬ್ಯಾಗ್‌ನಲ್ಲೂ ಕನಿಷ್ಠ ಎರಡು ಸ್ಮೋಕ್ ಇರಲೇಬೇಕು ಎಂಬ ನಿಯಮವನ್ನು ಲೂಟ್ (ಸಾಮಾನು ಹೆಕ್ಕುವ) ಸಮಯದಲ್ಲೇ ಜಾರಿ ಮಾಡಿ. 7.62 ಗುಂಡು ಮುನ್ನೂರು ಹೊರುವವನಿಗೆ ಎರಡು ಸ್ಮೋಕ್ ಭಾರವಲ್ಲ.

ನಿಲ್ಲಿಸಬೇಕಾದ ಹಂತ: ಬಯಲಲ್ಲಿ ಬಿದ್ದಿದ್ದಾನೆ, ಸ್ಮೋಕ್ ಇಲ್ಲ, ಝೋನ್ (ಕುಗ್ಗುತ್ತ ಬರುವ ಸುರಕ್ಷಿತ ವೃತ್ತ) ಮುಚ್ಚುತ್ತಿದೆ. ಬಿಟ್ಟುಬಿಡಿ. ಆ ನಿರ್ಧಾರದ ಹೊಣೆ ಐಜಿಎಲ್‌ನದು, ಮತ ಹಾಕಿಸಬೇಡಿ. ಸ್ಪಷ್ಟವಾಗಿ "ಬಿಡಿ, ಮೂವರು ಮುಂದೆ" ಎನ್ನಿ. ಎರಡನೇ ಸಲ, ಮೂರನೇ ಸಲ ನಾಕ್ ಆದವನ ರಕ್ತ ಬೇಗ ಸೋರುತ್ತದೆ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

"ಬ್ಯಾಗ್ ತುಂಬಿತ್ತು, ಝೋನ್‌ನಲ್ಲಿ ಸತ್ವಿ"

ಲೆವೆಲ್ ಮೂರು ಹೆಲ್ಮೆಟ್, ಎಂ416 ಗನ್‌ಗೆ ಎಲ್ಲ ಅಟ್ಯಾಚ್‌ಮೆಂಟ್, ಒಂದು ಗುಂಡೂ ಹಾರಿಸದೆ ನೀಲಿಯೊಳಗೆ, ಅಂದರೆ ಸುರಕ್ಷಿತ ವೃತ್ತದ ಹೊರಗೆ ಸಾವು. ಎಲ್ಲಿ ಸತ್ತಿರಿ ಎಂಬುದೇ ಕಾರಣ ಹೇಳುತ್ತದೆ.

ಊರಿನ ಒಳಗೇ ಸತ್ತಿದ್ದರೆ ಹೊರಡುವ ಸಮಯವನ್ನು ಯಾರೂ ನಿಗದಿ ಮಾಡಲಿಲ್ಲ. ಎರಾಂಗೆಲ್ ಮ್ಯಾಪ್‌ನ ದೊಡ್ಡ ಚೌಕ ಒಂದು ಕಿಲೋಮೀಟರಿನದು. ಗನ್ ಬೆನ್ನಿಗೆ ಹಾಕಿಕೊಂಡು ಓಡಿದರೂ ಸೆಕೆಂಡಿಗೆ ಆರು ಮೀಟರ್ ಚಿಲ್ಲರೆ, ಅಂದರೆ ಒಂದು ಚೌಕಕ್ಕೆ ಎರಡೂವರೆ ನಿಮಿಷದ ಮೇಲೆ. ಬಿಳಿ ವೃತ್ತ (ಮುಂದಿನ ಸುರಕ್ಷಿತ ಜಾಗ) ಮೂರು ಚೌಕ ದೂರದಲ್ಲಿದ್ದು ಗಾಡಿ ಇಲ್ಲವೆಂದರೆ ಸುಮಾರು ಎಂಟು ನಿಮಿಷದ ಓಟ. ಮೊದಲ ವೃತ್ತ ಕಾಣಿಸಿದ ಕೂಡಲೇ ಐಜಿಎಲ್ ಲೂಟ್ ನಿಲ್ಲಿಸಿ ಮ್ಯಾಪ್ ತೆರೆದು ಚೌಕ ಎಣಿಸಬೇಕು. ಆರಂಭದ ನೀಲಿ ಮೆಲ್ಲಗೆ ಕಚ್ಚುತ್ತದೆ, ಫಸ್ಟ್ ಏಡ್ ಹಾಕಿಕೊಳ್ಳುತ್ತ ಸ್ವಲ್ಪ ಹೊತ್ತು ತಾಳಬಹುದು. ಆ ಧೈರ್ಯವೇ ನಾಲ್ಕನೇ, ಐದನೇ ವೃತ್ತದಲ್ಲಿ ಕೊಲ್ಲುತ್ತದೆ, ಏಕೆಂದರೆ ಪ್ರತಿ ಹಂತಕ್ಕೂ ಏಟು ಏರುತ್ತ ಹೋಗುತ್ತದೆ. ಫಸ್ಟ್ ಏಡ್ ಕೂಡ 75ರವರೆಗೆ ಮಾತ್ರ ತುಂಬುತ್ತದೆ, ಹಾಕಲು 6 ಸೆಕೆಂಡ್ ಬೇಕು.

ಸೇತುವೆ ಮೇಲೆ ಸತ್ತಿದ್ದರೆ? ವೃತ್ತ ಸೊಸ್ನೊವ್ಕಾ ಮಿಲಿಟರಿ ಬೇಸ್ ದ್ವೀಪದ ಮೇಲೆ ಬಿದ್ದ ದಿನ ಇದು ಖಂಡಿತ. ಎರಡೇ ಸೇತುವೆಗಳು, ಎರಡಕ್ಕೂ ಯಾರಾದರೂ ಗಾಡಿ ಅಡ್ಡ ಹಾಕಿ ಕಾದಿರುತ್ತಾರೆ. ಇದರ ಚಿಕಿತ್ಸೆ ಸೇತುವೆಯಲ್ಲಿಲ್ಲ, ಅದಕ್ಕೂ ಬಹಳ ಮೊದಲು ಇದೆ. ಸೇತುವೆಗೆ ಎಲ್ಲರಿಗಿಂತ ಮುಂಚೆ ಹೋಗಿ, ಇಲ್ಲವೇ ದೋಣಿ ಹುಡುಕಿ. ದೋಣಿಯೂ ಇಲ್ಲವೆಂದರೆ ಸೇತುವೆಗಳಿಂದ ದೂರದಲ್ಲಿ, ಚದುರಿಕೊಂಡು ಈಜಿ.

ಬಯಲಿನ ಮಧ್ಯೆ ಓಡುತ್ತಾ ಸತ್ತಿದ್ದರೆ ನೀವು ಮ್ಯಾಪ್‌ನಲ್ಲಿ ಸರಳ ರೇಖೆ ಎಳೆದಿದ್ದೀರಿ. ಹಳ್ಳ, ದಿಬ್ಬದ ಹಿಂಬದಿ, ಮರಗಳ ಸಾಲು ಹಿಡಿದು ಸುತ್ತಿಕೊಂಡು ಬಂದರೆ ಒಂದು ನಿಮಿಷ ಹೆಚ್ಚು ಹೋಗಬಹುದು. ಆ ಒಂದು ನಿಮಿಷ ಉಳಿಯಲಿ ಎಂದೇ ಬೇಗ ಹೊರಡಬೇಕಾದ್ದು.

ಗಾಡಿಯೊಳಗೇ ನಾಲ್ವರೂ ಸತ್ತಿದ್ದರೆ ಒಂದು ಯುಎಝೆಡ್ ಜೀಪಿನಲ್ಲಿ ಎಲ್ಲರನ್ನೂ ತುಂಬಿದ್ದೀರಿ. ಎರಡು ಗಾಡಿ ಸದ್ದು ಜಾಸ್ತಿ ಮಾಡುತ್ತವೆ ಎಂಬ ವಾದವಿದೆ. ನನಗೆ ಒಪ್ಪಿಗೆಯಿಲ್ಲ. ಒಂದು ಸಿಡಿದರೆ ಇನ್ನೊಂದರಲ್ಲಿ ಇಬ್ಬರು ಉಳಿಯುತ್ತಾರೆ, ಬಯಲಲ್ಲಿ ಸಿಕ್ಕಿಬಿದ್ದಾಗ ಎರಡು ಕಡೆ ಅಡ್ಡಗೋಡೆಯೂ ಸಿಗುತ್ತದೆ.

"ಫೈಟ್ ಗೆದ್ವಿ, ಆಮೇಲೆ ಇನ್ಯಾರೋ ಬಂದು ಮುಗಿಸಿದರು"

ಥರ್ಡ್ ಪಾರ್ಟಿ, ಅಂದರೆ ಇಬ್ಬರ ಫೈಟಿಗೆ ನುಗ್ಗುವ ಮೂರನೇ ತಂಡ. ನಿಮ್ಮ ಗನ್ ಸದ್ದು ಕೇಳಿಯೇ ಅವರು ಬಂದದ್ದು, ಅದಕ್ಕೆ ಅವರನ್ನು ದೂರಿ ಫಲವಿಲ್ಲ. ನೋಡಬೇಕಾದ್ದು ನಿಮ್ಮ ಫೈಟ್ ಎಷ್ಟು ಹೊತ್ತು ಎಳೆಯಿತು ಎಂಬುದನ್ನು. ಒಂದು ನಿಮಿಷದೊಳಗೆ ಮುಗಿಯದ ಫೈಟಿಗೆ ಅತಿಥಿಗಳು ಬಂದೇ ಬರುತ್ತಾರೆ.

ಬೇಗ ಮುಗಿಸಲು ಕಿಲ್ ಫೀಡ್ (ಯಾರು ಯಾರನ್ನು ಬೀಳಿಸಿದರು ಎಂದು ಪರದೆಯಲ್ಲಿ ಬರುವ ಸಾಲುಗಳು) ಓದುವುದನ್ನು ಕಲಿಯಿರಿ. ಎದುರಾಳಿ ನೇರ ಸಾಯದೆ ನಾಕ್ ಆದರೆ ಆ ಕ್ಷಣಕ್ಕೆ ಅವನ ಜತೆಗಾರರಲ್ಲಿ ಒಬ್ಬನಾದರೂ ಇನ್ನೂ ನಿಂತಿದ್ದಾನೆ. ಗುಂಡು ತಗುಲಿದವನು ನಾಕ್ ಆಗದೆ ನೇರವಾಗಿ ಸತ್ತರೆ ಅವನು ತನ್ನ ಸ್ಕ್ವಾಡ್‌ನಲ್ಲಿ ನಿಂತಿದ್ದ ಕೊನೆಯವನು, ಎತ್ತುವವರು ಯಾರೂ ಉಳಿದಿಲ್ಲ. ಈ ಒಂದು ಸಾಲು ಓದಲು ಬಂದರೆ "ಇನ್ನೂ ಒಬ್ಬ ಇದಾನಾ?" ಎಂದು ಮನೆ ಮನೆ ಹುಡುಕುವ ಸಮಯ ಉಳಿಯುತ್ತದೆ. ಮುಗಿಯಿತು ಎಂದು ಖಾತ್ರಿಯಾದ ಮೇಲೂ ನಾಲ್ವರೂ ಕ್ರೇಟ್‌ಗೆ ಮುಗಿಬೀಳಬೇಡಿ. ಇಬ್ಬರು ಹೊರಗೆ ನೋಡಲಿ, ಇಬ್ಬರು ಲೂಟ್ ಮಾಡಲಿ, ಆಮೇಲೆ ಅದಲುಬದಲು.

ಟೂರ್ನಮೆಂಟ್ ಆಡುವವರು ಅಂಕದ ಲೆಕ್ಕವನ್ನೂ ಮುಂದಿಟ್ಟುಕೊಳ್ಳಿ. ಈಗ ಹೆಚ್ಚು ಬಳಕೆಯಲ್ಲಿರುವ ಪದ್ಧತಿಯಲ್ಲಿ ಮೊದಲ ಸ್ಥಾನಕ್ಕೆ 10, ಆಮೇಲೆ 6, 5, 4, 3, 2, ಏಳು ಮತ್ತು ಎಂಟಕ್ಕೆ ತಲಾ 1. ಪ್ರತಿ ಫಿನಿಶ್‌ಗೂ (ಎದುರಾಳಿಯನ್ನು ಪೂರ್ತಿ ಮುಗಿಸಿದ್ದಕ್ಕೆ) 1. ಒಂಬತ್ತನೇ ಸ್ಥಾನದಲ್ಲಿ ಐದು ಫಿನಿಶ್ ಪಡೆದು ಸತ್ತ ತಂಡವೂ ಒಂದೂ ಫಿನಿಶ್ ಇಲ್ಲದೆ ಮೂರನೆಯದಾಗಿ ಬಂದ ತಂಡವೂ ಸಮಸಮ. ಹಾಗಾಗಿ ಅಡಗಿ ಕೂರುವುದೇ ಜಾಣತನ ಎಂಬ ಐಜಿಎಲ್‌ಗೂ, ಕಂಡವರ ಮೇಲೆಲ್ಲ ಬೀಳುವ ಐಜಿಎಲ್‌ಗೂ ಈ ಪಟ್ಟಿ ಸಮಾಧಾನ ಕೊಡುವುದಿಲ್ಲ.

"ಒಬ್ಬ ಮಾತ್ರ ಯಾವಾಗಲೂ ಒಂಟಿ"

ಹೇಳದೆ ಕೇಳದೆ ಮುನ್ನೂರು ಮೀಟರ್ ಆಚೆ ಹೋಗಿ ನಾಕ್ ಆಗಿ "ಬನ್ರೋ" ಎನ್ನುವವನು ಪ್ರತಿ ಸ್ಕ್ವಾಡ್‌ನಲ್ಲೂ ಒಬ್ಬನಿರುತ್ತಾನೆ. ಅವನು ನೀವು ಕೂಗಿದ್ದನ್ನು ಕೇಳಿಸಿಕೊಳ್ಳದವನೋ, ಒಪ್ಪದವನೋ, ಬೇಸರಗೊಂಡವನೋ ಎಂದು ಮೊದಲು ಬೇರ್ಪಡಿಸಿ. ಕೇಳಿಸದಿದ್ದರೆ ಮೈಕ್ ಭಾಗಕ್ಕೆ ಹಿಂತಿರುಗಿ. ಬೇಸರವಾದರೆ ಅವನಿಗೇ ಬೈಕ್ ಕೊಟ್ಟು ಮುಂದಿನ ಕಾಂಪೌಂಡ್ ಖಾಲಿಯಿದೆಯೇ ನೋಡಿಬರುವ ಕೆಲಸ ಕೊಡಿ. ಹೇಗೂ ಹೋಗುವವನು, ಕೆಲಸದ ಮೇಲೆ ಹೋಗಲಿ.

ಒಪ್ಪದವನಾದರೆ ವಿಷಯ ಸೂಕ್ಷ್ಮ. ನಮ್ಮ ಕಡೆ ಸ್ಕ್ವಾಡ್ ಎಂದರೆ ಹಾಸ್ಟೆಲ್ ಸೀನಿಯರ್, ಚಿಕ್ಕಪ್ಪನ ಮಗ, ಆಫೀಸಿನ ಟೀಮ್ ಲೀಡ್ ಎಲ್ಲ ಬೆರೆತಿರುತ್ತಾರೆ. ಐಜಿಎಲ್ ಎಲ್ಲರಿಗಿಂತ ಕಿರಿಯನಾಗಿದ್ದರೆ "ಅಣ್ಣಾ, ಸ್ವಲ್ಪ ಹಿಂದೆ ಬರ್ತೀರಾ" ಎನ್ನುವಷ್ಟರಲ್ಲಿ ಅಣ್ಣ ಕ್ರೇಟ್ ಆಗಿರುತ್ತಾನೆ. ಇದನ್ನು ಪಂದ್ಯದ ಹೊರಗೇ ತೀರ್ಮಾನ ಮಾಡಿಕೊಳ್ಳಿ: ಫೈಟ್‌ನಲ್ಲಿ ನಂಬರ್ ಹಿಡಿದು ಕರೆಯೋಣ, "ಮೂರು, ಹಿಂದೆ." ಗೌರವಕ್ಕೂ ಕುಂದಿಲ್ಲ, ಮಾತೂ ಚಿಕ್ಕದು. ಲಾಬಿಗೆ ಬಂದ ಮೇಲೆ ಅಣ್ಣ ಮತ್ತೆ ಅಣ್ಣನೇ.

"ಆಟಕ್ಕಿಂತ ಜಗಳವೇ ಜಾಸ್ತಿ"

ಪಂದ್ಯ ನಡೆಯುವಾಗ ತಪ್ಪಿನ ವಿಚಾರಣೆ ನಡೆಯುತ್ತಿದ್ದರೆ ಅದನ್ನು ಶುರು ಮಾಡುತ್ತಿರುವವರು ಯಾರು ಎಂದು ಗಮನಿಸಿ. ಬಹಳ ಸಲ ಐಜಿಎಲ್ಲೇ. ಸತ್ತವನು ಸತ್ತ, ಉಳಿದವರ ಕಿವಿಗೆ ಈಗ ಮುಂದಿನ ಕಾಂಪೌಂಡ್ ಬೇಕು. ಅಪರಿಚಿತ ರ್‍ಯಾಂಡಮ್ ಆಟಗಾರ ಬೈಗುಳಕ್ಕೆ ಇಳಿದರೆ ಉತ್ತರ ಕೊಡದೆ ಮ್ಯೂಟ್ ಮಾಡಿ, ಮುಗಿದ ಮೇಲೆ ರಿಪೋರ್ಟ್ ಮಾಡಿ. ತಂಡದಲ್ಲಿ ಹದಿನೆಂಟು ತುಂಬದ ಹುಡುಗ ಹುಡುಗಿಯರಿದ್ದರೆ 'ಆಲ್' ಚಾನೆಲ್ ಮುಚ್ಚಿಸಿ. ಆಟವೇ ಅವರಿಗೆ ಪೋಷಕರ ಒಪ್ಪಿಗೆ ಕೇಳುತ್ತದೆ, ದಿನಕ್ಕೆ 3 ಗಂಟೆಯ ಮಿತಿಯನ್ನೂ ಹಾಕುತ್ತದೆ. ಅದನ್ನು ದಾಟಲು ಅಪ್ಪನ ಐಡಿ ಬಳಸುವ ಉಪಾಯವನ್ನು ಐಜಿಎಲ್ ಆದವನು ಹೇಳಿಕೊಡಬಾರದು.

ಯುಸಿ (ಆಟದೊಳಗಿನ ಹಣ) ಉಚಿತ, ಟೂರ್ನಮೆಂಟ್ ಸ್ಲಾಟ್ ಖಚಿತ ಎಂದು ಲಿಂಕ್ ಕಳಿಸಿ ಒಟಿಪಿ ಕೇಳುವವರಿಗೆ ಯಾರೂ ಏನೂ ಕೊಡಬೇಡಿ. ಹಣ ಹೋಗಿದೆ ಎಂದು ಗೊತ್ತಾದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಹೆಬ್ಬೆರಳು ಅಥವಾ ಮಣಿಕಟ್ಟು ಜೋಮು ಹಿಡಿದು ವಿಶ್ರಾಂತಿ ಕೊಟ್ಟರೂ ಬಿಡದಿದ್ದರೆ ವೈದ್ಯರ ಹತ್ತಿರ ಹೋಗಿ, ಕ್ಲಾ ಹಿಡಿತ (ಹೆಬ್ಬೆರಳ ಜತೆ ತೋರುಬೆರಳನ್ನೂ ಪರದೆಗೆ ಬಳಸುವ ಹಿಡಿತ) ಬದಲಿಸಿ ನೋಡುವ ಪ್ರಯೋಗ ಆಮೇಲೆ.

ಐಜಿಎಲ್ ಕೈಯಲ್ಲಿ ಸರಿಯಾಗದ ದೋಷವೂ ಒಂದಿದೆ. ಜತೆಗಾರನೊಬ್ಬ ಕಾಲೇಜು ಬಿಟ್ಟು ಆಡುತ್ತಿದ್ದಾನೆ, ಬೆಳಗಿನ ನಾಲ್ಕಕ್ಕೂ ಆನ್‌ಲೈನ್ ಇದ್ದಾನೆ, ನಿಲ್ಲಿಸಬೇಕೆಂದರೂ ಆಗುತ್ತಿಲ್ಲ ಎನ್ನುತ್ತಾನೆ, ಸೋತಾಗ ಮನೆಯವರ ಮೇಲೆ ಹರಿಹಾಯುತ್ತಾನೆ. ಅವನನ್ನು ಮುಂದಿನ ಪಂದ್ಯಕ್ಕೆ ಕರೆಯಬೇಡಿ, ಮಾತಾಡಿಸಿ. ವಿಶ್ವ ಆರೋಗ್ಯ ಸಂಸ್ಥೆ ಗೇಮಿಂಗ್ ಡಿಸಾರ್ಡರನ್ನು ತನ್ನ ರೋಗಗಳ ಪಟ್ಟಿಯಲ್ಲಿ ಸೇರಿಸಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ಶಟ್ ಕ್ಲಿನಿಕ್ 2014ರಿಂದ ನಡೆಯುತ್ತಿದೆ. ದೂರದ ಊರಿನವರು ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು, ಕರೆಗೆ ಹಣವಿಲ್ಲ.

"ಎಲ್ಲ ಮಾಡಿದ್ರೂ ಅಷ್ಟೇ"

ಇದು ಕೊನೆಯ, ಎಲ್ಲಕ್ಕಿಂತ ಕಷ್ಟದ ತಪಾಸಣೆ, ಏಕೆಂದರೆ ಇಲ್ಲಿ ಬಿಚ್ಚಿ ನೋಡಬೇಕಾದ ಭಾಗ ನೀವೇ. ಒಂದು ಪೂರ್ತಿ ಪಂದ್ಯವನ್ನು ಮೈಕ್ ಧ್ವನಿ ಸಮೇತ ಸ್ಕ್ರೀನ್ ರೆಕಾರ್ಡ್ ಮಾಡಿ. ಆಮೇಲೆ ಪರದೆ ಮಗುಚಿಟ್ಟು ಬರೀ ಧ್ವನಿ ಕೇಳಿ. ನಿಮ್ಮ ಮಾತು ಕೇಳಿಯೇ ತಂಡ ಎಲ್ಲಿದೆ, ಎತ್ತ ಹೋಗುತ್ತಿದೆ, ಏಕೆ ಹೋಗುತ್ತಿದೆ ಎಂದು ಗೊತ್ತಾಗುತ್ತದೆಯೇ? "ಹೋಗು ಹೋಗು", "ಛೇ", "ಹೇಳಿದ್ನಲ್ಲ" ಇಷ್ಟೇ ಕೇಳಿಸಿದರೆ ತಂಡಕ್ಕೂ ಅಷ್ಟೇ ತಲುಪಿದೆ. ಫೈಟ್ ನಡೆದಷ್ಟು ಹೊತ್ತು ನಿಮ್ಮ ಧ್ವನಿ ಪೂರ್ತಿ ನಿಂತೇ ಹೋಗಿದ್ದರೆ ಇನ್ನೊಂದು ಸುಳಿವು: ನೀವು ಮುಂದಿನ ಸಾಲಿನಲ್ಲಿ ಗುಂಡು ಹಾರಿಸುವುದರಲ್ಲಿ ಮುಳುಗಿದ್ದೀರಿ, ತಂಡ ನಡೆಸಲು ಕೈ, ಕಣ್ಣು ಯಾವುದೂ ಬಿಡುವಾಗಿಲ್ಲ.

ಹಿಂದೆ ನಿಂತು ಎಂ24 ಅಥವಾ ಮಿನಿ14 ಹಿಡಿದು ಕವರ್ ಕೊಡುವವನಿಗೆ ಇಡೀ ಮೈದಾನ ಕಾಣುತ್ತದೆ. ನುಗ್ಗುವುದೇ ನಿಮಗೆ ಇಷ್ಟವೆಂದರೆ ಐದು ಪಂದ್ಯ ಅವನು ಐಜಿಎಲ್ ಆಗಿರಲಿ, ನೀವು ನುಗ್ಗಿ. ಅಷ್ಟೂ ಪಂದ್ಯದಲ್ಲಿ ಅವನ ಕರೆಗೆ ನಡುವೆ ಬಾಯಿ ಹಾಕಬೇಡಿ, ತಪ್ಪು ಅನ್ನಿಸಿದರೂ. ಸ್ಥಾನ ಮೇಲೇರಿದರೆ ಅವನನ್ನೇ ಮುಂದುವರಿಸಿ. ಏರದಿದ್ದರೆ ಕಾಲ್‌ಔಟ್ (ಶತ್ರು ಎಲ್ಲಿದ್ದಾನೆಂದು ಕೂಗಿ ಹೇಳುವ) ಭಾಗವನ್ನು ನಾಲ್ವರೂ ಒಟ್ಟಿಗೆ ಕೂತು ಇನ್ನೊಮ್ಮೆ ಓದಿ, ಟ್ರೈನಿಂಗ್ ಗ್ರೌಂಡ್‌ನಲ್ಲಿ ಗುಂಡು ಹಾರಿಸದೆ ಬರೀ ಡಿಗ್ರಿ, ಮಾರ್ಕರ್ ಹೇಳುವುದನ್ನೇ ಅಭ್ಯಾಸ ಮಾಡಿ.